ಒಡ್ಡಿನ ಮಣ್ಣಿನ ಎತ್ತು

"ಸ್ಟೀಲ್ ಲೋಟ ಬೇಡ ಸರಸ್ವತಿಯವರೇ, ಗಾಜಿಂದು ಇದ್ರೆ ಕೊಡಿ. ಕಾಫಿಗಲ್ಲ, ಬರೀ ನೀರು ಸಾಕು," ಎಂದ ಸತ್ಯಮೂರ್ತಿ.

ಸರಸ್ವತಿ ಗಂಡನ ಮುಖ ನೋಡಿದರು. ಮಾಟುಂಗದ ಆ ಎರಡನೇ ಮಹಡಿಯ ಮನೆಯಲ್ಲಿ ಕಾಫಿ ಬೇಡವೆಂದ ಮೊದಲ ಮನುಷ್ಯ ಇವನೇ ಇರಬೇಕು. ಹಿರಿಯಣ್ಣ ಪೇಪರಿನಿಂದ ತಲೆಯೆತ್ತದೆ ಹೂಂ ಎಂದ. ಲೋಟ ಬಂತು.

ಸತ್ಯಮೂರ್ತಿ ಜೇಬಿನಿಂದ ಪೊಟ್ಟಣ ತೆಗೆದು, ಅದರಲ್ಲಿದ್ದ ಬೂದುಬಣ್ಣದ ಪುಡಿಯನ್ನು ನೀರಿಗೆ ಸುರಿದು ಚಮಚದಿಂದ ಕದಡಿದ. ನೀರು ಹಾಲಿನಂತಾಯಿತು. ಲೋಟವನ್ನು ಟೀಪಾಯಿಯ ನಡುವೆ ಇಟ್ಟು ಗಡಿಯಾರ ನೋಡಿಕೊಂಡ. ಬೆಳಿಗ್ಗೆ ಹತ್ತೂಕಾಲು.

ಜೋಗೇಶ್ವರಿಯ ಗುಡ್ಡದ ಕಲ್ಲುಗಣಿಯಲ್ಲಿ ಹೂಳಿನ ಹೊಂಡದ ಒಡ್ಡು ಒಡೆದು, ಕಲ್ಲುಹಿಟ್ಟಿನ ಕೆಸರು ಕೆಳಗಿನ ಜೋಪಡಿಗಳ ಮೇಲೆ ನುಗ್ಗಿ ಒಂಬತ್ತು ಜನ ಸತ್ತು ಅಂದಿಗೆ ಹನ್ನೊಂದು ದಿನ. ಅಪರಾಧಿಯೂ ಸಿಕ್ಕಾಗಿತ್ತು. ಗಣಿಯ ವಾಚ್‌ಮನ್ ಖಂಡಪ್ಪ, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲೆಂದು ಒಡ್ಡಿನ ಮಣ್ಣು ಅಗೆದು ಅದನ್ನು ಸಡಿಲ ಮಾಡಿದ ಎಂದು ಕಂಪನಿ ಬರೆದುಕೊಟ್ಟಿತ್ತು. ಹೌದು, ಅಗೆದೆ ಎಂದು ಆ ಪುಣ್ಯಾತ್ಮನೂ ಒಪ್ಪಿಕೊಂಡಿದ್ದ. ಸತ್ತ ಒಂಬತ್ತು ಜನರಲ್ಲಿ ಅವನ ತಾಯಿ ಹಾಲವ್ವನೂ ಒಬ್ಬಳು. ನಾಳೆ ಹನ್ನೊಂದು ಗಂಟೆಗೆ ವಿಚಾರಣೆ.

"ಏನಯ್ಯಾ ಇದು, ಸ್ಕೂಲ್ ಹುಡುಗರ ಆಟ?" ಎಂದ ಹಿರಿಯಣ್ಣ.

"ಆಟಾನೇ. ಈ ಆಟ ಹೇಳಿಕೊಟ್ಟೋನೂ ನೀನೇ."

ಇಬ್ಬರೂ ಮೈಸೂರಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಎಂಜಿನಿಯರಿಂಗ್ ಓದಿದವರು. ಹಿರಿಯಣ್ಣ ಪಾಸಾಗಿ ಒಡ್ಡು, ಹೊಂಡ, ಕಾಲುವೆಗಳ ನಕ್ಷೆ ಬರೆಯುವ ದೊಡ್ಡ ಮನುಷ್ಯನಾದ. ಸತ್ಯಮೂರ್ತಿ ಕೊನೆಯ ವರ್ಷ ಎರಡು ಸಲ ಡುಮ್ಕಿ ಹೊಡೆದು ಬೊಂಬಾಯಿಗೆ ಬಂದು, ಗ್ರಾಂಟ್ ರೋಡಿನಲ್ಲಿ ಮೋನಪ್ಪನ ಉಡುಪಿ ಹೋಟೆಲಿನ ಮೇಲಿನ ಕೋಣೆಯಲ್ಲಿ ಪತ್ತೇದಾರಿಯ ಬೋರ್ಡು ಹಾಕಿಕೊಂಡ. ಈಗ ಖಂಡಪ್ಪನ ಪರವಾಗಿ ಓಡಾಡುತ್ತಿದ್ದ ಅವನಿಗೆ ಗಣಿಯ ಹೊಂಡದ ನಕ್ಷೆಯಲ್ಲಿ ಕಂಡದ್ದು ಹಿರಿಯಣ್ಣನ ಸಹಿ. ಅದಕ್ಕೇ ಈ ಭೇಟಿ.

"ಹೊಂಡ ಕಟ್ಟೋದು ಯಾಕೆ?" ಎಂದು ಸತ್ಯಮೂರ್ತಿ ಶುರುಮಾಡಿದ. "ಕಲ್ಲು ತೊಳೆದ ನೀರು ಅಲ್ಲಿ ನಿಂತು, ಹಿಟ್ಟು ತಳಕ್ಕೆ ಕೂತು, ತಿಳಿನೀರು ಮಾತ್ರ ತೂಬಿನ ಪೈಪಲ್ಲಿ ಆಚೆ ಹೋಗ್ಬೇಕು. ಹೂಳು ಅರ್ಧಕ್ಕೆ ಬಂದ ಕೂಡಲೇ ಎತ್ತಿ ಹಾಕ್ಬೇಕು. ತಪ್ಪಿದ್ರೆ ಹೇಳು."

"ನಕ್ಷೆಯಲ್ಲೇ ಬರ್ದಿದೀನಿ."

"ನೀನು ಹೊಂಡದ ನಡುವೆ ಅಳತೆ ಕಂಬ ನೆಡಿಸಿ, ಅರ್ಧಕ್ಕೆ ಕೆಂಪು ಗೆರೆನೂ ಹಾಕ್ಸಿದ್ದೆ. ಆ ಕಂಬ ನಿನ್ನೆ ನೋಡಿ ಬಂದೆ. ಗೆರೆ ಒಂದಲ್ಲ, ಮೂರಿದೆ. ಕೆಳಗಿನ ಎರಡಕ್ಕೆ ಸುಣ್ಣ ಬಳಿದಿದಾರೆ. ಹೂಳು ಗೆರೆ ಮುಟ್ಟಿದಾಗ ಹೂಳು ತೆಗೀಲಿಲ್ಲ, ಗೆರೆನೇ ಮೇಲಕ್ಕೆ ಏರಿಸಿದ್ರು. ಅದಕ್ಕೂ ಜಾಗ ಸಾಲದೆ ಹೋದಾಗ ಒಡ್ಡನ್ನೇ ಆರಡಿ ಏರಿಸಿದ್ರು. ಆ ನಕ್ಷೆನೂ ನಿಂದೇ."

ಹಿರಿಯಣ್ಣ ಪೇಪರು ಮಡಿಸಿಟ್ಟ. "ಏರಿಸೋದು ತಪ್ಪಲ್ಲ. ನಡುವೆ ಕಪ್ಪು ಜೇಡಿಮಣ್ಣಿನ ಗೋಡೆ ಇರ್ಬೇಕು ಅಂತ ತೋರಿಸಿದೀನಿ. ಜೇಡಿ ಇದ್ರೆ ನೀರು ದಾಟಲ್ಲ."

"ಜೇಡಿ ಹಾಕಿದ್ರಾ?"

"ಹಾಕಿದ್ರು."

"ನೋಡಿದ್ಯಾ?"

"ನೋಡ್ದೆ ಕಣೋ! ನಾನೇ ಹೋಗಿ, ಅಗೆಸಿ ನೋಡಿ, ಆಮೇಲೆ ಸಹಿ ಹಾಕಿದ್ದು. ಮೂರಡಿ ಒಳ್ಳೆ ಕರಿ ಜೇಡಿ ಇತ್ತು."

"ಎಲ್ಲಿ ಅಗೆಸಿದೆ?"

ಹಿರಿಯಣ್ಣ ಕನ್ನಡಕ ತೆಗೆದು ಒರೆಸಿದ. "ತೂಬಿನ ಹತ್ತಿರ. ಪೈಪಿನ ಸುತ್ತ."

"ಅಲ್ಲೊಂದೇ ಕಡೆಯೋ?"

"ಅವತ್ತು ಮಳೆ ಬರೋ ಹಂಗಿತ್ತು. ಮ್ಯಾನೇಜರು ಅಲ್ಲೇ ಕರ್ಕೊಂಡು ಹೋದ..."

ಸತ್ಯಮೂರ್ತಿಗೆ ನಗು ಬಂತು, ಸಿಟ್ಟೂ ಬಂತು. ಹೆಣ್ಣು ನೋಡಲು ಹೋದವನಿಗೆ ಅವಳ ಅಂಗೈ ಮಾತ್ರ ತೋರಿಸಿ ಮದುವೆ ಮುಗಿಸಿದ್ದರು. ಅವನು ಲೋಟದ ಕಡೆ ಕೈಮಾಡಿದ. ಬೂದಿಯಂಥ ಪುಡಿಯೆಲ್ಲ ತಳಕ್ಕೆ ಇಳಿದು, ಮೇಲೆ ಕುಡಿಯಬಹುದಾದಷ್ಟು ತಿಳಿನೀರು ನಿಂತಿತ್ತು.

"ಇದು ಕಲ್ಲುಹಿಟ್ಟು. ಹತ್ತು ನಿಮಿಷಕ್ಕೆ ತಳ ಸೇರ್ತು. ಜೇಡಿ ಆಗಿದ್ರೆ ನಾಳೆ ಬೆಳಿಗ್ಗೆವರೆಗೂ ನೀರು ಕರಿಯಾಗೇ ಇರ್ತಿತ್ತು. ನಿನ್ನ ಕಂಪನಿಯೋರು ಒಡ್ಡನ್ನ ಹೊಂಡದ ಹೂಳಲ್ಲೇ ಏರಿಸಿದಾರೆ ಹಿರಿಯಣ್ಣ. ಇಟ್ಟರೆ ಗೋಡೆ, ನೆನೆದ್ರೆ ದೋಸೆಹಿಟ್ಟು."

"ಸಾಬೀತು? ಈ ಪುಡಿ ಹೊಂಡದ್ದು, ಒಡ್ಡಿಂದಲ್ಲ. ಒಡ್ಡಿನ ಜಾಗ ಬುಲ್‌ಡೋಜರ್ ಹಾಕಿ ಸಪಾಟು ಮಾಡಿ ಎಂಟು ದಿನ ಆಯ್ತು. ಒಂದು ಹಿಡಿ ಮಣ್ಣು ತಂದು ತೋರಿಸು ನೋಡೋಣ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸತ್ಯಮೂರ್ತಿ ಅಲ್ಲಿ ಬಾಯಿಮುಚ್ಚಿಕೊಂಡು ಏಳಬೇಕಿತ್ತು. ಆದರೆ ಮೂವತ್ತು ವರ್ಷ ಈ ಗೆಳೆಯನ ಮುಂದೆ ಡುಮ್ಕಿ ಹೊಡೆದವನಾಗಿಯೇ ಕೂತಿದ್ದ ಅವನಿಗೆ ಅವತ್ತೊಂದು ದಿನ ಗೆಲ್ಲುವ ಆಸೆಯಾಯಿತು.

"ಎತ್ತುಗಳಿದಾವಲ್ಲ! ಖಂಡಪ್ಪ ಒಡ್ಡಿನ ಮಣ್ಣಲ್ಲೇ ಎತ್ತು ಮಾಡಿಸ್ದ ಅಂತ ಕಂಪನಿಯೇ ಬರ್ಕೊಟ್ಟಿದೆ. ಹಾಲವ್ವ ಮಾಡಿದ ಎತ್ತುಗಳೆಲ್ಲ ಕೊಚ್ಚಿ ಹೋದ್ವು, ಒಂದು ಜೋಡಿ ಉಳ್ಕೊಂಡಿದೆ. ಗುಡ್ಡದ ಮೇಲಿನ ಸಾಲಲ್ಲಿ, ಮಲ್ಲಕ್ಕನ ಮನೆ ದೇವರ ಮಾಡದಲ್ಲಿ. ನಾಳೆ ವಿಚಾರಣೇಲಿ ಎಲ್ಲರೆದುರು ಅದನ್ನ ನೀರಿಗೆ ಹಾಕ್ತೀನಿ. ನೀರು ತಿಳಿಯಾದ್ರೆ ಒಡ್ಡು ಬೂದಿ, ಖಂಡಪ್ಪ ಬಚಾವು."

ಹಿರಿಯಣ್ಣನ ಮುಖ ಬಿಳುಚಿಕೊಂಡಿತು. ಸತ್ಯಮೂರ್ತಿ ಅದನ್ನು ಸೋಲು ಎಂದುಕೊಂಡ.

"ಎತ್ತಿನ ಕೊಂಬು ನಿಂತಿದ್ವಾ?" ಎಂದು ಹಿರಿಯಣ್ಣ ಮೆಲ್ಲಗೆ ಕೇಳಿದ.

ಇದೆಂಥ ಪ್ರಶ್ನೆ ಎಂದುಕೊಂಡು ಸತ್ಯಮೂರ್ತಿ ಚಪ್ಪಲಿ ಮೆಟ್ಟಿದ.

ಮಾಟುಂಗ ರೋಡಿನಿಂದ ಲೋಕಲ್ ಹತ್ತಿದಾಗ ಅವನು ಖುಷಿಯಲ್ಲಿದ್ದ. ಆ ಖುಷಿಯಲ್ಲೇ ನೆಟ್ಟಗೆ ಜೋಗೇಶ್ವರಿಗೆ ಹೋಗುವ ಬದಲು ಮೊದಲು ದಾರಿಯಲ್ಲೇ ಇಳಿದು ಖಂಡಪ್ಪನನ್ನು ಇಟ್ಟಿದ್ದ ಪೊಲೀಸ್ ಠಾಣೆಗೆ ಹೋದ. ಹನ್ನೊಂದು ದಿನದಿಂದ ಕತ್ತಲಲ್ಲಿ ಕೂತವನಿಗೆ ಒಂದು ಒಳ್ಳೆಯ ಮಾತು ಹೇಳಿ ಹೋಗೋಣವೆಂಬ ಕರುಣೆ. "ಥಾಂಬಾ, ಸಾಹೇಬ್ ಜೇವಾಯಲಾ ಗೇಲೇ," ಎಂದು ಹವಾಲ್ದಾರ ಊಟದ ನೆಪ ಹೇಳಿ ಎರಡು ಗಂಟೆ ಕೂರಿಸಿದ.

ಖಂಡಪ್ಪ ಕಂಬಿಯ ಆಚೆ ಗೋಡೆಗೆ ಆನಿಕೊಂಡು ಕೂತಿದ್ದ. ಅವನ ಕಿವಿಯ ಹಿಂದೆ, ಹುಬ್ಬಿನಲ್ಲಿ ಇನ್ನೂ ಬೂದಿ ಅಂಟಿತ್ತು. ತಾಯಿಯನ್ನು ಕೆಸರಿನಿಂದ ಬರಿಗೈಲಿ ತೋಡಿ ತೆಗೆದವನು ಆಮೇಲೆ ಸ್ನಾನ ಕಂಡಿರಲಿಲ್ಲ.

"ನಾಳೆ ಸಂಜೆಗೆ ಮನೇಲಿರ್ತೀಯ ಖಂಡಪ್ಪ," ಎಂದ ಸತ್ಯಮೂರ್ತಿ.

"ನಾ ಯಾಕ ಮನಿಗಿ ಹೋಗ್ಲಿರೀ ಸಾಹೇಬ್ರ? ನಾನೇ ಅಗದೀನ್ರಿ. ನಮ್ಮವ್ವನ್ನ ನಾನೇ ಕೊಂದೀನಿ."

"ನೀನು ಕೊಂದಿಲ್ಲಯ್ಯ. ಒಡ್ಡೇ ಸುಳ್ಳು ಒಡ್ಡು. ಬರೀ ಕಲ್ಲುಹಿಟ್ಟು. ನೀನು ಮುಟ್ಟದಿದ್ರೂ ಬೀಳ್ತಿತ್ತು."

ಖಂಡಪ್ಪ ಕಿವಿಯ ಹಿಂದಿನ ಬೂದಿಯನ್ನು ಉಗುರಿನಿಂದ ಕೆರೆದು ನೋಡಿಕೊಂಡ. ಆಮೇಲೆ ಅವನ ಮುಖದ ಮೇಲೆ ನಗುವಿನಂಥದ್ದೇನೋ ಬಂತು.

"ಎತ್ತು ಭಾಳ ಛಲೋ ಬಂದಿದ್ವು ರೀ ಈ ಸಲ. ಏನ್ ಕೊಂಬು, ಬೆನ್ನ ಮ್ಯಾಲ ಏನ್ ಇಣಿ! ಅವ್ವ ಭಾಳ ಖುಷಿ ಆಗಿದ್ಲು. ಬೊಂಬಾಯಿಗಿ ಬಂದ ಮ್ಯಾಲ ಇಂಥಾ ಎತ್ತು ಮಾಡಿಲ್ಲ ಖಂಡ್ಯಾ ಅಂದ್ಲು."

ಹವಾಲ್ದಾರ ಕೋಲಿನಿಂದ ಕಂಬಿ ಬಡಿದ. ಭೇಟಿ ಮುಗಿದಿತ್ತು.

ರೈಲಿನಲ್ಲಿ ಆ ಮಾತು ಸತ್ಯಮೂರ್ತಿಯನ್ನು ಚುಚ್ಚತೊಡಗಿತು. ಕೊಂಬು ನಿಂತಿದ್ದವೇ ಎಂದು ಹಿರಿಯಣ್ಣ ಕೇಳಿದ್ದ. ಕಲ್ಲುಹಿಟ್ಟಿನಲ್ಲಿ ಕೊಂಬು ನಿಲ್ಲುವುದುಂಟೇ? ಉಂಡೆ ಕಟ್ಟಿದರೂ ಒಣಗಿದ ಮೇಲೆ ಉದುರಿಹೋಗುತ್ತದೆ. ಹನ್ನೊಂದು ದಿನ ಅವನು ಎಲ್ಲವನ್ನೂ ಕೇಳಿದ್ದ. ಎಷ್ಟು ಅಗೆದೆ, ಯಾವಾಗ ಅಗೆದೆ, ಯಾತರಲ್ಲಿ ಅಗೆದೆ, ಎಲ್ಲ ಬರೆದುಕೊಂಡಿದ್ದ. ಒಡ್ಡಿನಲ್ಲಿ ಎಲ್ಲಿ ಅಗೆದೆ ಎಂದು ಮಾತ್ರ ಕೇಳಿರಲಿಲ್ಲ. ಒಡ್ಡೆಲ್ಲ ಒಂದೇ ಎಂದುಕೊಂಡಿದ್ದ. ಎರಡು ಸಲ ಡುಮ್ಕಿ ಹೊಡೆದದ್ದು ಸುಮ್ಮನೆ ಅಲ್ಲ ಎಂದು ಅವನಿಗೇ ಅನ್ನಿಸಿತು.

ಜೋಗೇಶ್ವರಿಯಲ್ಲಿ ಇಳಿದಾಗ ಮಳೆ ನಿಂತಿತ್ತು. ಒಡ್ಡು ಇದ್ದ ಜಾಗದಲ್ಲಿ ಎರಡು ಲಾರಿಗಳು ಆಗಲೇ ಮಣ್ಣು ಸುರಿಯುತ್ತಿದ್ದವು. ಹತ್ತಿರ ಹೋಗಿ ನೋಡಿದ. ಅದೇ ಬೂದಿ. ಒಂಬತ್ತು ಹೆಣ ಎತ್ತಿದ ಜಾಗದ ನೆತ್ತಿಯ ಮೇಲೆ ಅದೇ ಹೂಳಿನಲ್ಲಿ ಹೊಸ ಒಡ್ಡು ಏಳುತ್ತಿತ್ತು, ಯಾರೂ ಬೇಡವೆನ್ನುತ್ತಿರಲಿಲ್ಲ.

ಮಲ್ಲಕ್ಕನ ಜೋಪಡಿ ಗುಡ್ಡದ ಮೇಲಿನ ಸಾಲಿನಲ್ಲಿ. ಮನೆ ಉಳಿದಿತ್ತು, ಗಂಡ ಉಳಿದಿರಲಿಲ್ಲ. ಆ ಬೆಳಿಗ್ಗೆ ಮರೆಪ್ಪ ಕೆಳಗಿನ ನಲ್ಲಿಯಲ್ಲಿ ನೀರು ಹಿಡಿಯಲು ಹೋಗಿದ್ದ. ಆದರೂ ಖಂಡಪ್ಪನ ಹೆಂಡತಿ ಸುಂದ್ರವ್ವನನ್ನು ಕರೆದು ಮನೆಯಲ್ಲಿ ಇಟ್ಟುಕೊಂಡವಳು ಮಲ್ಲಕ್ಕನೇ. ಉಳಿದವರೆಲ್ಲ ಸುಂದ್ರವ್ವನನ್ನು ಕಂಡರೆ ಉಗುಳುತ್ತಿದ್ದರು. "ಮಾಡಿದ್ದು ಕಂಪನಿ, ಖಂಡಪ್ಪಣ್ಣ ಅಲ್ಲ," ಎಂದು ಮಲ್ಲಕ್ಕ ಎಲ್ಲರ ಎದುರು ಹೇಳಿದ್ದಳು. ಹಾಗೆ ಹೇಳುವ ಧೈರ್ಯ ಕೊಟ್ಟವನು ಸತ್ಯಮೂರ್ತಿ.

ತಗಡಿನ ಗೋಡೆಯ ಮೇಲೆ ಮಾಟುಂಗದ ಕನ್ನಡ ಸಂಘದವರು ಕೊಟ್ಟ ಅಕ್ಷರಮಾಲೆ ಅಂಟಿಸಿತ್ತು. ಭಾನುವಾರದ ದೊಡ್ಡವರ ಶಾಲೆಗೆ ಮಲ್ಲಕ್ಕ ಎರಡು ವರ್ಷದಿಂದ ತಪ್ಪದೆ ಹೋಗುತ್ತಿದ್ದಳು.

"ಬರ್ರಿ ಸಾಹೇಬ್ರ," ಎಂದು ಸುಂದ್ರವ್ವ ಎದ್ದು ನಿಂತಳು. ಇಷ್ಟು ದಿನದಲ್ಲಿ ಮೊದಲ ಸಲ ಅವಳು ತಲೆ ಬಾಚಿಕೊಂಡಿದ್ದಳು. ಮಾಡದಿಂದ ಎತ್ತನ್ನು ತೆಗೆದು ಎರಡೂ ಕೈಯಲ್ಲಿ ಕೊಟ್ಟಳು. ಅವಳ ಎಡಗೈಯ ಹೆಬ್ಬೆರಳು ನೀಲಿಯಾಗಿತ್ತು.

ಮೊನ್ನೆ ಮಾಡದ ಕತ್ತಲಲ್ಲಿ ದೂರದಿಂದ ಮಾತ್ರ ಕಂಡಿದ್ದ ಎತ್ತು ಅಂಗೈಯಷ್ಟಿತ್ತು. ಕುಸುಬೆಕಾಳಿನ ಕಣ್ಣು, ಎತ್ತಿದ ಇಣಿ, ಹಿಂದಕ್ಕೆ ಬಾಗಿದ ಚೂಪು ಕೊಂಬು. ಅದು ಕಲ್ಲಿನಷ್ಟು ಗಟ್ಟಿಯಾಗಿತ್ತು. ಕಪ್ಪಗಿತ್ತು.

"ಗಾಜಿನ ಬಾಟ್ಲಿ ಏನಾದ್ರೂ ಇದೆಯೇನಮ್ಮಾ?"

ಮಲ್ಲಕ್ಕ ಖಾಲಿ ಔಷಧಿ ಬಾಟಲಿಯಲ್ಲಿ ನೀರು ತಂದಳು. ಸತ್ಯಮೂರ್ತಿ ಎತ್ತಿನ ಬಾಲವನ್ನು ಮುರಿದು, ಪುಡಿ ಮಾಡಿ ಒಳಗೆ ಹಾಕಿ ಕುಲುಕಿ ನೆಲದ ಮೇಲೆ ಇಟ್ಟ. ಮೂವರೂ ಬಾಟಲಿಯ ಸುತ್ತ ಕೂತರು.

ಐದು ನಿಮಿಷವಾಯಿತು. ಹತ್ತಾಯಿತು. ನೀರು ಕರಿಯಾಗಿಯೇ ಇತ್ತು. ಕಾಲು ಗಂಟೆಯಾದರೂ ಒಂದು ಕೂದಲೆಳೆಯಷ್ಟು ತಿಳಿಯಾಗಲಿಲ್ಲ.

ಜೇಡಿ. ಅಪ್ಪಟ ಕರಿ ಜೇಡಿ.

"ಸುಂದ್ರವ್ವಾ, ಖಂಡಪ್ಪ ಈ ಮಣ್ಣನ್ನ ಎಲ್ಲಿಂದ ತಂದ?" ಅವನ ದನಿ ಅವನಿಗೇ ಪರಕೀಯವಾಗಿ ಕೇಳಿಸಿತು.

"ಒಡ್ಡಿನಾಗಿಂದ್ರಿ."

"ಒಡ್ಡಿನಲ್ಲಿ ಎಲ್ಲಿ?"

ಸುಂದ್ರವ್ವ ಹೆಮ್ಮೆಯಿಂದಲೇ ಹೇಳಿದಳು. "ಮೊದಲ ಒಡ್ಡಿನ ಮ್ಯಾಲಿಂದ ತಂದಿದ್ರು ರೀ. ಬರೀ ಬೂದಿ. ಅತ್ತಿ ಎರಡು ಎತ್ತು ಮಾಡಿದ್ಲು, ಒಣಗೂದ್ರಾಗ ಕೊಂಬು ಉದರಿದ್ವು. ಕೊಂಬಿಲ್ಲದ ಎತ್ತು ಪೂಜಾಕ್ಕ ಇಡಬಾರ್ದು, ಮನಿಗಿ ಕೇಡು ಅಂತ ಹಟ ಹಿಡದ್ಲು. ಇವ್ರು ಮೂರು ದಿನ ಡ್ಯೂಟಿ ಮುಗಿಸಿ ಒಡ್ಡೆಲ್ಲ ಕೆದರಿ ನೋಡ್ಯಾರ್ರಿ. ಎಲ್ಲಿ ಕೆದರಿದ್ರೂ ಬೂದಿ. ಕಡೀಕ ತೂಬಿನ ಪೈಪಿನ ಸುತ್ತ ಸಿಕ್ತು ನೋಡ್ರಿ, ಬೆಣ್ಣಿಯಂಥಾ ಮಣ್ಣು! ಎಲ್ಲಾ ಮನಿಗೂ ಆಗ್ಲಿ ಅಂತ ನಾಕು ಬುಟ್ಟಿ ತಂದ್ರು."

ಸತ್ಯಮೂರ್ತಿ ಕಣ್ಣು ಮುಚ್ಚಿಕೊಂಡ.

ಇಡೀ ಒಡ್ಡಿನಲ್ಲಿ ಕಂಪನಿ ಜೇಡಿ ಹಾಕಿದ್ದು ಒಂದೇ ಜಾಗದಲ್ಲಿ, ಹಿರಿಯಣ್ಣನ ಕಣ್ಣಿಗೆ ಕಾಣಲೆಂದು. ಆ ಬೂದಿಯ ಗುಡ್ಡೆಯನ್ನು ಅಷ್ಟು ದಿನ ಹಿಡಿದು ನಿಲ್ಲಿಸಿದ್ದೂ ಅದೇ. ಪೈಪಿನ ಪಕ್ಕದಲ್ಲಿ ನೀರು ನುಸುಳದಂತೆ ತಡೆದಿದ್ದ ಆ ನಾಲ್ಕು ಬುಟ್ಟಿ ಮಣ್ಣನ್ನು ಖಂಡಪ್ಪ ಹುಡುಕಿ, ಬೆರಳಿನಿಂದ ಬಗೆದು, ತಾಯಿಗೆಂದು ತಂದಿದ್ದ. ಜೇಡಿಯ ಗುಣ ಬಲ್ಲ ಜನ ಅವರು. ಎರೆಭೂಮಿಯಲ್ಲಿ ಹುಟ್ಟಿದ ಬೆರಳಿಗೆ ಮಣ್ಣಿನ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸಿಕ್ಕಿದ ಬೂದಿಯಲ್ಲೇ ಸಮಾಧಾನ ಮಾಡಿಕೊಳ್ಳುತ್ತಿದ್ದರು.

ಒಡ್ಡೆಲ್ಲ ಜೇಡಿಯದಾಗಿದ್ದರೆ ನಾಲ್ಕು ಬುಟ್ಟಿಗೆ ಏನೂ ಆಗುತ್ತಿರಲಿಲ್ಲ. ಅದು ಸತ್ಯ. ಖಂಡಪ್ಪ ತೂಬು ಮುಟ್ಟದಿದ್ದರೆ ಆ ಬೆಳಿಗ್ಗೆ ಒಡ್ಡು ನಿಲ್ಲುತ್ತಿತ್ತೇನೋ. ಅದೂ ಸತ್ಯ. ನಾಳೆ ಹನ್ನೊಂದು ಗಂಟೆಗೆ ಇವೆರಡರಲ್ಲಿ ಯಾವುದಕ್ಕೆ ಕಿವಿ ಸಿಗುತ್ತದೆಂದು ಅವನಿಗೆ ಗೊತ್ತಿತ್ತು.

ಇನ್ನೂ ಹೊತ್ತು ಮೀರಿಲ್ಲ ಎಂದು ಅವನ ಮನಸ್ಸಿನ ಯಾವುದೋ ಮೂಲೆ ಹೇಳಿತು. ಎತ್ತುಗಳನ್ನು ನೀರಿಗೆ ಬಿಟ್ಟುಬಿಟ್ಟರೆ? ತೂಬಿನ ಮಾತು ಈ ನಾಲ್ಕು ತಗಡಿನ ಗೋಡೆಯೊಳಗೇ ಉಳಿದರೆ?

"ಜೋಡಿ ಅಲ್ವಾ ಇದು? ಇನ್ನೊಂದು ಎತ್ತೆಲ್ಲಿ?"

"ಅಯ್ಯ, ನಿಮ್ಮ ದೋಸ್ತ್ ಒಯ್ದ್ರಲ್ರಿ!" ಎಂದಳು ಸುಂದ್ರವ್ವ. "ಮಧ್ಯಾಹ್ನ ಟ್ಯಾಕ್ಸಿ ಮಾಡ್ಕೊಂಡು ಬಂದಿದ್ರು. ಚಷ್ಮಾ ಹಾಕ್ಕೊಂಡಿದ್ರು, ಕನ್ನಡದವ್ರೇ. ಸತ್ಯಮೂರ್ತಿ ಕಳಿಸ್ಯಾರ ಅಂದ್ರು. ಮಣ್ಣು ಎಲ್ಲಿಂದು ಅಂತ ಅವ್ರೂ ಕೇಳಿದ್ರು. ನಾ ಹೇಳ್ದಂಗ ಬರ್ಕೊಂಡು ಹೆಬ್ಬೆಟ್ಟು ಒತ್ತಿಸ್ಕೊಂಡ್ರು." ಅವಳು ನೀಲಿ ಹೆಬ್ಬೆರಳನ್ನು ಎತ್ತಿ ತೋರಿಸಿದಳು. "ನಾಳೆ ಬಿಡ್ತಾರಲ್ರೀ ಅವ್ರನ್ನ?"

ಸತ್ಯಮೂರ್ತಿ ಬಾಲ ಮುರಿದ ಎತ್ತನ್ನು ನೆಲದ ಮೇಲೆ ಇಟ್ಟ. ಠಾಣೆಯ ಬೆಂಚಿನ ಮೇಲೆ ಅವನು ಕರುಣೆ ಮಾಡುತ್ತಾ ಕೂತಿದ್ದ ಎರಡು ಗಂಟೆಯಲ್ಲಿ ಆಗಬೇಕಾದ್ದೆಲ್ಲ ಆಗಿಹೋಗಿತ್ತು. ತನ್ನ ಬಾಯನ್ನು ತಾನೇ ಹೊಲಿದುಕೊಳ್ಳಬೇಕೆನಿಸುವಷ್ಟು ಅಸಹ್ಯವಾಯಿತು.

"ನಿಮಗೊಂದು ಚೀಟಿ ಕೊಟ್ಟಾರ್ರಿ," ಎಂದು ಸುಂದ್ರವ್ವ ಸೆರಗಿನ ಗಂಟು ಬಿಚ್ಚಿದಳು.

ಹಿರಿಯಣ್ಣನ ದುಂಡನೆಯ ಅಕ್ಷರ. ನಕ್ಷೆಗಳಲ್ಲಿ ಬರೆಯುವಂತೆ ಬಿಡಿಬಿಡಿಯಾಗಿ ಬರೆದಿದ್ದ.

'ಸತ್ಯ, ಜೋಡಿಯಲ್ಲಿ ಒಂದು ನಿನ್ನ ಹತ್ತಿರ, ಒಂದು ನನ್ನ ಹತ್ತಿರ. ಖಂಡಪ್ಪ ತೂಬಿನ ಮಣ್ಣು ತೆಗೆದದ್ದಕ್ಕೇ ಒಡ್ಡು ಹೋಯಿತು ಎನ್ನಲು ಅವನ ಹೆಂಡತಿಯ ಹೆಬ್ಬೆಟ್ಟು ಸಾಕು. ನೀನು ಬೂದಿಯ ಮಾತು ಎತ್ತಬೇಡ, ನಾನು ತೂಬಿನ ಮಾತು ಎತ್ತುವುದಿಲ್ಲ. ಕಂಪನಿಯನ್ನು ನಾನು ಒಪ್ಪಿಸುತ್ತೇನೆ. ನಾಳೆ ಎಲ್ಲರೂ ಮಳೆಯ ಮೇಲೆ ಹಾಕೋಣ. ಅವನು ಮನೆಗೆ ಬರಲಿ.'

ಅತ್ತ ದರಿ, ಇತ್ತ ಪುಲಿ. ಮಳೆಯ ಮೇಲೆ ಹಾಕಿದರೆ ಖಂಡಪ್ಪ ಬರುತ್ತಾನೆ. ಮರೆಪ್ಪನನ್ನೂ ಉಳಿದ ಎಂಟು ಜನರನ್ನೂ ಕೊಂದವರು ಯಾರೂ ಇಲ್ಲವೆಂದಾಗುತ್ತದೆ. ಕೆಳಗೆ ಆ ಲಾರಿಗಳು ಬೂದಿ ಸುರಿಯುತ್ತಲೇ ಇರುತ್ತವೆ. ಸತ್ಯ ಹೇಳಿದರೆ ಮೊದಲು ನೇಣಿಗೆ ಸಿಗುವ ಕೊರಳು ಖಂಡಪ್ಪನದು.

ಅವನು ಚೀಟಿಯನ್ನು ಮಡಿಸಲು ಹೋದ.

"ಯಾಕ್ರಿ, ಏನ್ ಬರದಾರ?" ಎಂದು ಸುಂದ್ರವ್ವ ಕೇಳಿದಳು.

"ಏನಿಲ್ಲಮ್ಮಾ. ನಾಳೆ ವಿಚಾರಣೆ ವಿಷಯ."

ಅಷ್ಟು ಹೊತ್ತೂ ಮಲ್ಲಕ್ಕ ಬಾಟಲಿಯ ಕರಿ ನೀರನ್ನೇ ನೋಡುತ್ತಿದ್ದಳು. ನೀರು ತಿಳಿಯಾದರೆ ಗೆದ್ದೆವು ಎಂದು ಮೊನ್ನೆ ಅವಳಿಗೆ ಹೇಳಿಕೊಟ್ಟಿದ್ದವನು ಸತ್ಯಮೂರ್ತಿಯೇ. ಅವಳು ಎದ್ದು ಬಂದು ಅವನ ಬೆರಳುಗಳ ನಡುವಿನಿಂದ ಚೀಟಿಯನ್ನು ಮೆಲ್ಲಗೆ ಎಳೆದುಕೊಂಡಳು.

"ಕೊಡ್ರಿ. ಕೂಡಿಸಿ ಓದೂದು ಕಲಿಸ್ಯಾರ ನನಗ."

ಬಾಗಿಲ ಬೆಳಕಿಗೆ ತಿರುಗಿ ನಿಂತು ಮೊದಲ ಸಾಲಿನ ಕೆಳಗೆ ಬೆರಳಿಟ್ಟಳು. "ಸ... ತ್ಯ. ಜೋ... ಡಿ... ಯ... ಲ್ಲಿ..." ಒಂದೊಂದು ಅಕ್ಷರವನ್ನೂ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸುತ್ತಿದ್ದಳು. ಕಸಿದುಕೊಳ್ಳಬೇಕೆಂದು ಸತ್ಯಮೂರ್ತಿ ಕೈ ಚಾಚಿದ. ಗಂಡನನ್ನು ಕಳೆದುಕೊಂಡವಳ ಕೈಯಿಂದ ಕಸಿಯಲು ಆಗಲಿಲ್ಲ.

ಬೆರಳು ಎರಡನೇ ಸಾಲಿಗೆ ಇಳಿಯಿತು.

"ಖಂ... ಡ... ಪ್ಪ."

ಗಂಡನ ಹೆಸರು ಕೇಳಿ ಸುಂದ್ರವ್ವನ ಮುಖ ಅರಳಿತು. ಅವಳು ಮಲ್ಲಕ್ಕನ ಹೆಗಲಿಗೆ ಒತ್ತಿಕೊಂಡು ನಿಂತು, ಓದಲು ಬಾರದ ಆ ಅಕ್ಷರಗಳನ್ನು ತಾನೂ ಬಗ್ಗಿ ನೋಡತೊಡಗಿದಳು.

"ಮುಂದ ಓದವ್ವ ಮಲ್ಲಕ್ಕ, ಮುಂದ ಏನದ?"

"ತೂ..." ಎಂದಳು ಮಲ್ಲಕ್ಕ. "ಬಿ... ನ..."